ತಾರಸಿಯ ತಟ್ಟೆಗೆ ಬರೀ ಪಾರಿವಾಳ, ಕಾಗೆ: ಸಣ್ಣ ಹಕ್ಕಿ ಬರಲು ಏನು ಬದಲಿಸಬೇಕು?

ಹಿತ್ತಲಮನೆ, ಮೈಸೂರು

ನಮಸ್ಕಾರ. 30×40 ಸೈಟಿನ ಮನೆ. ಹಿಂದೆ 8 ಅಡಿ ಅಗಲದ ಹಿತ್ತಲು, ಅದರಲ್ಲಿ ಕರಿಬೇವು, ಸೀಬೆ, ಎರಡು ದಾಸವಾಳ. ಎರಡು ತಿಂಗಳಿಂದ ಹಕ್ಕಿಗಳಿಗೆ ಇಡುತ್ತಿರುವುದು ಇಷ್ಟು:

ತಾರಸಿಯ ಪ್ಯಾರಾಪೆಟ್ ಮೇಲೆ ಅಗಲವಾದ ಪ್ಲಾಸ್ಟಿಕ್ ಟ್ರೇ. ಬೆಳಿಗ್ಗೆ ಅರ್ಧ ಕೆಜಿ ಅಕ್ಕಿ, ಜೋಳ; ಮಧ್ಯಾಹ್ನ ಮಿಕ್ಕ ಅನ್ನ. ಪಕ್ಕದಲ್ಲಿ 5 ಇಂಚು ಆಳದ ಸ್ಟೀಲ್ ಬೇಸಿನ್ನಿನಲ್ಲಿ ನೀರು. ಸೂರಕ್ಕಿಗೆ (ಹೂವಿನ ಮಕರಂದ ಹೀರುವ ಸಣ್ಣ ಹಕ್ಕಿ) ಅಂತ ಆನ್‌ಲೈನಲ್ಲಿ ತರಿಸಿದ ಬಾಟಲಿ, ಅದರಲ್ಲಿ ಕೆಂಪು ಬಣ್ಣ ಹಾಕಿದ ಸಕ್ಕರೆ ನೀರು. ಪೋರ್ಟಿಕೋದಲ್ಲಿ ಗುಬ್ಬಚ್ಚಿ ಪೆಟ್ಟಿಗೆ, 2 ಇಂಚಿನ ತೂತು, ಮುಂದೆ ಕೂರಲು ಕಡ್ಡಿ.

ಬರುತ್ತಿರುವುದು ನಲವತ್ತರಷ್ಟು ಪಾರಿವಾಳ, ಒಂದಷ್ಟು ಕಾಗೆ. ಗುಬ್ಬಚ್ಚಿಗಳು ಮುಂದಿನ ರಸ್ತೆಯ ದಿನಸಿ ಅಂಗಡಿ ಹತ್ತಿರ ಇವೆ, ಇಲ್ಲಿಗೆ ಬರುವುದಿಲ್ಲ. ಸಕ್ಕರೆ ನೀರಿಗೆ ಇರುವೆ ಮುತ್ತುತ್ತೆ. ಪಿಕಳಾರವೊಂದು (ಬುಲ್ಬುಲ್) ಹಿಂದಿನ ಕಿಟಕಿ ಗಾಜನ್ನು ದಿನಾ ಕುಕ್ಕುತ್ತೆ. ರಾತ್ರಿ ಇಲಿ ಓಡಾಟ ಶುರುವಾಗಿದೆ. ಹಿಕ್ಕೆ ಬೀಳುತ್ತೆ ಅಂತ ಪಕ್ಕದ ಮನೆಯವರ ಆಕ್ಷೇಪ ಬೇರೆ. ಎಲ್ಲಿಂದ ಸರಿಪಡಿಸಲಿ?

ಎಲೆಮರೆ

ಸರ್, ಯಾವ ಹಕ್ಕಿ ಬರಬೇಕು ಅನ್ನುವುದನ್ನು ನಿಮ್ಮ ಟ್ರೇ ಆಗಲೇ ತೀರ್ಮಾನಿಸಿಬಿಟ್ಟಿದೆ. ಎತ್ತರದಲ್ಲಿ, ಬಯಲಲ್ಲಿ, ಸಮತಟ್ಟಾದ ಜಾಗದಲ್ಲಿ ದಪ್ಪ ಕಾಳು ಹರಡಿಟ್ಟರೆ ಅದು ಪಾರಿವಾಳಕ್ಕೆ ಹೇಳಿ ಮಾಡಿಸಿದ ಊಟದ ಜಾಗ. ಸುಮಾರು 300 ಗ್ರಾಂ ತೂಗುವ ಹಕ್ಕಿ ನಲವತ್ತು ಸೇರಿದ ಕಡೆ 30 ಗ್ರಾಂ ಕೂಡ ತೂಗದ ಗುಬ್ಬಚ್ಚಿ ಇಳಿಯುವ ಧೈರ್ಯ ಮಾಡುವುದಿಲ್ಲ. ಅಲ್ಲದೆ ಸಣ್ಣ ಹಕ್ಕಿಗೆ ಮೊದಲು ಬೇಕಾದದ್ದು ಗಾಬರಿಯಾದಾಗ ಒಂದೇ ಹಾರಿಕೆಗೆ ನುಗ್ಗಲು ಪೊದೆ. ಪ್ಯಾರಾಪೆಟ್ ಮೇಲೆ ಅದಿಲ್ಲ.

ಮೊದಲ ಕೆಲಸ: ತಾರಸಿಯಲ್ಲಿ ಕಾಳು, ಅನ್ನ ಎರಡನ್ನೂ ಎರಡು ವಾರ ಪೂರ್ತಿ ನಿಲ್ಲಿಸಿ. ದಿನ ಬಿಟ್ಟು ದಿನ ಹಾಕಿದರೆ ಪಾರಿವಾಳ ಕಾಯುತ್ತಾ ಕೂರುತ್ತವೆ. ಅವು ಹಸಿದು ಸಾಯುತ್ತವೆ ಅನ್ನುವ ಸಂಕಟ ಬೇಡ, ಕಿಲೋಮೀಟರ್‌ಗಟ್ಟಲೆ ಹಾರಿ ಕಾಳು ಹುಡುಕಿಕೊಳ್ಳುವ ಹಕ್ಕಿ ಅದು. ಪಕ್ಕದ ಮನೆಯವರ ಆಕ್ಷೇಪವನ್ನೂ ಹಗುರವಾಗಿ ನೋಡಬೇಡಿ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶದ ಅಲರ್ಜಿಗೂ ಶಿಲೀಂಧ್ರ ಸೋಂಕಿಗೂ ಕಾರಣವಾಗುತ್ತದೆ. ಈಗಿರುವುದನ್ನು ಒಣ ಪೊರಕೆಯಿಂದ ಗುಡಿಸಲೇಬೇಡಿ. ಮಾಸ್ಕ್, ಕೈಗವಸು ಹಾಕಿ, ನೀರು ಚಿಮುಕಿಸಿ ಹತ್ತು ನಿಮಿಷ ನೆನೆಸಿ, ಆಮೇಲೆ ಕೆರೆದು ತೆಗೆಯಿರಿ.

ಎರಡನೆಯದು: ಕಾಳಿನ ವ್ಯವಸ್ಥೆ ಹಿತ್ತಲಿಗೆ ಇಳಿಯಲಿ, ನೆಲದಿಂದ 5–6 ಅಡಿ ಎತ್ತರದಲ್ಲಿ ನೇತಾಡಲಿ, ಸುತ್ತ ಜಾಲರಿ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ಇಂಚು ಚೌಕದ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಕೇಳಿ. ಅದರಲ್ಲಿ ಗುಬ್ಬಚ್ಚಿ, ರಾಟವಾಳ (ಮುನಿಯಾ) ಸಲೀಸಾಗಿ ನುಸುಳುತ್ತವೆ. ಪಾರಿವಾಳ, ಕಾಗೆ, ಗೊರವಂಕಗಳ (ಮೈನಾ) ಮೈ ತೂರುವುದಿಲ್ಲ. ಎರಡು ಇಂಚಿನದು ತಂದರೆ ಗೊರವಂಕ ಒಳಗೆ ಬರಲು ಹೆಣಗಿ ಸಿಕ್ಕಿಕೊಳ್ಳುವ ಅಪಾಯವಿದೆ.

4 ಅಡಿ ಉದ್ದ, 16 ಇಂಚು ಎತ್ತರದ ತುಂಡನ್ನು ಸುತ್ತಿ, ಒಂದೆರಡು ಇಂಚು ಮೇಲೆ ಮೇಲೆ ಬರುವಂತೆ ಕಟ್ಟಿದರೆ ಸುಮಾರು 14 ಇಂಚು ವ್ಯಾಸದ ಕೊಳವೆ ಆಗುತ್ತದೆ. ತಳಕ್ಕೆ ಅದೇ ಮೆಶ್. ಮೇಲೆ 18 ಇಂಚಿನ ಹಳೇ ಅಲ್ಯೂಮಿನಿಯಂ ತಟ್ಟೆ ಕವುಚಿ ಹಾಕಿ, ಮಳೆಗೂ ತಡೆ, ಮೇಲಿಂದ ಕಾಗೆಗೂ ತಡೆ. ಕತ್ತರಿಸಿದ ತಂತಿ ತುದಿಗಳನ್ನು ಒಂದೂ ಬಿಡದೆ ಹೊರಕ್ಕೆ ಮಡಚಿ ಅರದಿಂದ ಉಜ್ಜಿ. ಹಕ್ಕಿಯ ಕಣ್ಣು ಹೋಗುವುದು ಇಂಥ ತುದಿಗೇ.

ಮಧ್ಯದಲ್ಲಿ 1 ಲೀಟರಿನ ನೀರಿನ ಬಾಟಲಿ ನೇತುಹಾಕಿ. ಬಾಟಲಿ ಸುಮಾರು 3 ಇಂಚು ದಪ್ಪ, ಹಾಗಾಗಿ ಜಾಲರಿಗೂ ಕಾಳಿಗೂ ನಡುವೆ ಐದು ಇಂಚಿನ ಮೇಲೆ ಅಂತರ ಸಿಗುತ್ತದೆ. ಈ ಅಂತರವೇ ಮುಖ್ಯ. ಕಡಿಮೆಯಾದರೆ ಪಾರಿವಾಳ ಹೊರಗೇ ನಿಂತು ಕತ್ತು ಚಾಚಿ ಖಾಲಿ ಮಾಡುತ್ತದೆ. ಬಾಟಲಿಯ ತಳದಿಂದ ತುಸು ಮೇಲೆ ಬೆರಳಗಲದ ಕಿಟಕಿ ಕತ್ತರಿಸಿ. ಮೂರು ಬದಿ ಮಾತ್ರ ಕತ್ತರಿಸಿ, ಮೇಲಿನ ಬದಿ ಬಿಟ್ಟು, ಆ ರೆಕ್ಕೆಯನ್ನು ಒಳಕ್ಕೆ ತಳ್ಳಿ. ಅದು ಒಳಗೆ ಸೂರಿನ ಹಾಗೆ ನಿಂತು ಕಾಳು ಸುರಿಯದಂತೆ ತಡೆಯುತ್ತದೆ. ಬರೀ ತೂತು ಕೊರೆದರೆ ನವಣೆಯಂಥ ಸಣ್ಣ ಕಾಳು ಒಂದೇ ನಿಮಿಷದಲ್ಲಿ ಖಾಲಿ. ಕಿಟಕಿಯ ಕೆಳಗೆ ಪೆನ್ಸಿಲ್ ದಪ್ಪದ ಕಡ್ಡಿ ತೂರಿಸಿ, ಎರಡೂ ಕಡೆ ಒಂದೂವರೆ ಇಂಚು ಚಾಚಿರಲಿ. ತಳದಲ್ಲಿ ನೀರು ಬಸಿಯಲು ನಾಲ್ಕು ಸಣ್ಣ ತೂತು.

ಅಳಿಲು ಒಳಗೆ ಬಂದೇ ಬರುತ್ತದೆ, ಅದನ್ನು ತಡೆಯುವ ಜಾಲರಿ ಗುಬ್ಬಚ್ಚಿಯನ್ನೂ ತಡೆಯುತ್ತದೆ. ಕಡಲೆಬೀಜ ಹಾಕದಿದ್ದರೆ ಅದರ ಕಾಟ ಕಡಿಮೆ.

ನವಣೆತೆನೆ, ಹುಬ್ಬಳ್ಳಿ

ಎಲೆಮರೆ ಸರ್ ಹೇಳಿದ್ದು ಖರೆ ಅದ. ಕಾಳಿನ ಬಗ್ಗೆ ನಾ ಹೇಳ್ತೀನಿ ನೋಡ್ರಿ.

ಅರ್ಧ ಕೆಜಿ ಅಂದ್ರ ಭಾಳ ಆತ್ರಿ. ದಿನಕ್ಕ ಎರಡು ದೊಡ್ಡ ಚಮಚ ಸಾಕು. ಮುಂಜಾನೆ ಆರೂವರೆಗೆ ಹಾಕ್ರಿ, ಹತ್ತರೊಳಗ ಮುಗೀಬೇಕು. ಉಳೀತು ಅಂದ್ರ ಮರುದಿನ ಕಡಿಮಿ ಮಾಡ್ರಿ. ಸಂಜಿ ಉಳಿಯೋ ಕಾಳ ಇಲಿಗಿ ಊಟ; ಇಲಿ ಬಂದ ಮ್ಯಾಲೆ ಅದರ ಹಿಂದ ಹಾವು ಬರೋದು ತಪ್ಪಂಗಿಲ್ಲ. ಕೆಳಗ ಉದುರಿದ್ದನ್ನ ಕತ್ತಲಾಗೋದ್ರಾಗ ಗುಡಿಸಿಬಿಡ್ರಿ.

ಜ್ವಾಳ, ಗೋಧಿ, ಗೋವಿನಜ್ವಾಳ ಬಿಡ್ರಿ, ಇವು ಪಾರಿವಾಳದ ಕಾಳು. ನವಣಿ, ಸಾವಿ, ಸಜ್ಜಿ, ಅಕ್ಕಿ ನುಚ್ಚು ಇವನ್ನ ಹಾಕ್ರಿ. ನವಣಿ, ಸಾವಿ ಸಿಪ್ಪಿ ಸಮೇತ ಇರಬೇಕು. ಪಾಲಿಶ್ ಮಾಡಿದ ಪ್ಯಾಕೆಟ್ ನವಣಿ ಒಂದು ಮಳಿ ಬಿದ್ದರ ಮುಗ್ಗು ಹಿಡೀತದ. ಸಿಪ್ಪಿ ಇದ್ದದ್ದು ತಡಕೋತದ. ಹಸಿ ಅಕ್ಕಿ ಹಕ್ಕಿ ಹೊಟ್ಟ್ಯಾಗ ಉಬ್ಬಿ ಸಾಯ್ತಾವು ಅಂತ ವಾಟ್ಸಾಪಿನ್ಯಾಗ ಬರೋದು ಸುಳ್ಳು. ಗದ್ದಿ ಒಳಗ ಹಕ್ಕಿ ತಿನ್ನೋದು ಅದನ್ನ ಅಲ್ಲೇನ್ರಿ. ಬ್ರೆಡ್ಡು, ಬಿಸ್ಕೀಟು, ಚುರಮರಿ, ಡಾಣಿ, ಉಪ್ಪು ಬಿದ್ದ ಯಾವ ಪದಾರ್ಥನೂ ಬ್ಯಾಡ. ಬೂಷ್ಟು ಹಿಡಿದ ಶೇಂಗಾ ಅಂತೂ ವಿಷ.

ಜಾಲರಿ ಮಾಡೋ ತ್ರಾಸ ಬ್ಯಾಡ ಅನಿಸಿದರ ಇನ್ನೊಂದು ಹಾದಿ: ನವಣಿ ತೆನಿನ ಹಂಗೇ ತಂದು, ಎರಡು ಮೂರು ಸೇರಿಸಿ ದಾರದಾಗ ಕಟ್ಟಿ, ಸೀಬಿ ಗಿಡದ ತೆಳ್ಳನ ಟೊಂಗಿಗೆ ಇಳಿಬಿಡ್ರಿ. ತೂಗಾಡೋ ತೆನಿಗೆ ಪಾರಿವಾಳ ಜೋತು ಬೀಳಂಗಿಲ್ಲ, ಅದರ ಕಾಲಿಗೆ ಆ ಹಿಡಿತ ಇಲ್ಲ. ರಾಟವಾಳ ತಲಿ ಕೆಳಗ ಮಾಡಿ ಜೋತು ಬಿದ್ದು, ಒಂದೊಂದ ಕಾಳ ಕಿತ್ತು, ಕೊಕ್ಕಿನ್ಯಾಗ ಹೊಳ್ಳಿಸಿ ಸಿಪ್ಪಿ ಉದುರಿಸ್ತದ. ತೆನಿ ಸಿಗದಿದ್ದರ ಜೂನಿನ್ಯಾಗ 12 ಇಂಚಿನ ಕುಂಡದಾಗ ಒಂದು ಚಿಟಿಕಿ ಬಿತ್ತಿ, ಹತ್ತು ಗಿಡ ಉಳಿಸಿ ಉಳಿದದ್ದು ಕೀಳ್ರಿ. ಎಂಬತ್ತು ತೊಂಬತ್ತು ದಿನಕ್ಕ ತೆನಿ ಬರ್ತದ. ಕೊಯ್ಯೋದು ಬ್ಯಾಡ, ಅಲ್ಲೇ ಬಂದು ತಿಂತಾವು.

ಹಿತ್ತಲಮನೆ, ಮೈಸೂರು

ತುಂಬಾ ಉಪಕಾರ. ಒಂದು ತೊಡಕು: ಅಮ್ಮ ದಿನಾ ಊಟಕ್ಕೆ ಮುಂಚೆ ಕಾಗೆಗೆ ಅನ್ನ ಇಡುತ್ತಾರೆ. ಅದನ್ನು ನಿಲ್ಲಿಸಿ ಅನ್ನುವ ಹಾಗಿಲ್ಲ.

ಎಲೆಮರೆ

ನಿಲ್ಲಿಸಬೇಕಿಲ್ಲ ಸರ್. ಉಪ್ಪು, ತುಪ್ಪ, ಸಾರು ಸೋಕದ ಅನ್ನ, ಒಂದು ತುತ್ತು. ಕಾಳಿನ ಜಾಗ ಹಿತ್ತಲಲ್ಲಿದ್ದರೆ ಇದು ಮನೆಯ ಮುಂಭಾಗದಲ್ಲಿರಲಿ, ದಿನಾ ಅದೇ ಹೊತ್ತು, ಅದೇ ಕಲ್ಲು. ಕಾಗೆ ಸಮಯ ಕಲಿಯುವುದರಲ್ಲಿ ಬಲು ಚುರುಕು, ವಾರದೊಳಗೆ ಕಾದು ಕೂರುತ್ತದೆ. ಕಾಲು ಗಂಟೆಯಲ್ಲಿ ಖಾಲಿಯಾಗದ ಅನ್ನವನ್ನು ತೆಗೆದು ಕಲ್ಲು ತೊಳೆಯಿರಿ. ಬೇಸಿಗೆಯಲ್ಲಿ ಅನ್ನ ಬೇಗ ಹಳಸುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಗಮನವಿರಲಿ: ಕಾಗೆಗಳು ಹೆಚ್ಚು ಸೇರುವ ಕಡೆ ಪಿಕಳಾರದ ಮೊಟ್ಟೆ, ಮರಿಗಳಿಗೆ ಉಳಿಗಾಲವಿಲ್ಲ. ಅನ್ನದ ಪ್ರಮಾಣ ತುತ್ತಿಗಿಂತ ಮೇಲೆ ಹೋಗದಿರಲಿ ಅನ್ನುವುದು ಅದಕ್ಕೇ.

ನೀರಹನಿ

ಕಾಳಿನ ಮಾತೇ ಇಷ್ಟಾಯಿತು. ನನ್ನ ಕೇಳಿದರೆ ನಮ್ಮ ಹವೆಯಲ್ಲಿ ಹಕ್ಕಿಗೆ ಮೊದಲು ಬೇಕಾದದ್ದು ನೀರು. ಕಾಳು ತಿನ್ನುವವು ಮೂರೋ ನಾಲ್ಕೋ ಜಾತಿ. ನೀರಿಗೆ ಮಡಿವಾಳ, ಟುವ್ವಿ, ಪಿಕಳಾರ, ಸೂರಕ್ಕಿ, ಹರಟೆಮಲ್ಲ, ಬೆಳ್ಗಣ್ಣ ಹೀಗೆ ಹುಳ, ಹಣ್ಣು, ಮಕರಂದ ತಿನ್ನುವ ಹಕ್ಕಿಗಳೆಲ್ಲ ಬರುತ್ತವೆ. ಕಾಳು ಪೂರ್ತಿ ಬಿಟ್ಟು ನೀರು ಮಾತ್ರ ಇಟ್ಟರೂ ಹಿತ್ತಲು ತುಂಬುತ್ತದೆ.

ನಿಮ್ಮ ಬೇಸಿನ್ನಿನಲ್ಲಿ ಮೂರು ತಪ್ಪಿದೆ. ಆಳ ಹೆಚ್ಚು, ಸಣ್ಣ ಹಕ್ಕಿ ಅದರಲ್ಲಿ ಮುಳುಗಿ ಸಾಯಬಹುದು. ಸ್ಟೀಲ್ ಜಾರುತ್ತದೆ. ಬಿಸಿಲಲ್ಲಿ ಅದರ ಅಂಚು ಸುಡುತ್ತದೆ. ಕುಂಡದ ಕೆಳಗೆ ಇಡುವ ಮಣ್ಣಿನ ತಟ್ಟೆ ತನ್ನಿ, 14–16 ಇಂಚು ಅಗಲದ್ದು, ಒಂದೂವರೆ ಇಂಚು ಆಳದ್ದು. ಮೆರುಗು ಹಚ್ಚಿದ್ದು ಬೇಡ, ಒರಟು ಮೈ ಇದ್ದರೆ ಕಾಲಿಗೆ ಹಿಡಿತ. ನಡುವೆ ಒಂದು ಚಪ್ಪಟೆ ಕಲ್ಲು, ನೀರಿನಿಂದ ಅರ್ಧ ಇಂಚು ಮೇಲಿರಲಿ. ಗಿಡದ ನೆರಳಲ್ಲಿ ಇಡಿ. ಪೊದೆ ಐದಾರು ಅಡಿ ದೂರವಿರಲಿ. ತೀರಾ ಹತ್ತಿರವಿದ್ದರೆ ಬೆಕ್ಕು ಅಡಗಿ ಕೂರುತ್ತದೆ, ತೀರಾ ದೂರವಾದರೆ ನೆನೆದ ರೆಕ್ಕೆಯಲ್ಲಿ ಹಕ್ಕಿ ಹಾರಿ ತಲುಪುವುದಿಲ್ಲ.

ನೀರನ್ನು ದಿನಾ ಚೆಲ್ಲಿ ಬದಲಿಸಿ. ಬರೀ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಗೆರೆಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಅಂಚನ್ನು ಚೆನ್ನಾಗಿ ಉಜ್ಜಿ. ಸೋಪು ಬೇಡ.

ಇನ್ನು ಹಕ್ಕಿಯನ್ನು ನಿಜವಾಗಿ ಕರೆಯುವುದು ತೊಟ್ಟಿಕ್ಕುವ ಸದ್ದು. ಔಷಧಿ ಅಂಗಡಿಯಲ್ಲಿ ಹೊಸ ಸಲೈನ್ ಸೆಟ್ (ಡ್ರಿಪ್ ಹಾಕುವ ಕೊಳವೆ) ಕೊಳ್ಳಿ, ಬಳಸಿದ್ದು ಮುಟ್ಟಬೇಡಿ. 1 ಲೀಟರ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸೆಟ್ಟಿನ ಮೊನೆ ಬಿಗಿಯಾಗಿ ತೂರಿಸಿ, ಬಾಟಲಿ ತಲೆಕೆಳಗಾಗಿ ಟೊಂಗೆಗೆ ಕಟ್ಟಿ. ಮೇಲೆ ಬಂದ ತಳಕ್ಕೆ ಗುಂಡುಪಿನ್ನಿನಿಂದ ಒಂದು ತೂತು ಬೇಕೇಬೇಕು. ಗಾಳಿ ಒಳಗೆ ಹೋಗದಿದ್ದರೆ ಸ್ವಲ್ಪ ಹೊತ್ತಿಗೆ ಹನಿ ನಿಂತುಬಿಡುತ್ತದೆ. ಕೊಳವೆಯ ತುದಿ ತಟ್ಟೆಯಿಂದ ಒಂದೂವರೆ ಅಡಿ ಮೇಲಿರಲಿ, ಹನಿ ಬಿದ್ದ ಸದ್ದು ಕೇಳಬೇಕು. ಕೊಳವೆಯ ಮೇಲಿನ ಗಾಲಿ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿಗೆ ನಿಲ್ಲಿಸಿ. ಪೊಟ್ಟಣದ ಮೇಲೆ 20 ಹನಿಗೆ 1 ಮಿ.ಲೀ. ಅಂತಿದ್ದರೆ ಗಂಟೆಗೆ 90 ಮಿ.ಲೀ. ಆಗುತ್ತದೆ, ಒಂದು ಬಾಟಲಿ ಹನ್ನೊಂದು ಗಂಟೆ ಬರುತ್ತದೆ. ಬೆಳಿಗ್ಗೆ ತುಂಬಿದರೆ ಸಂಜೆವರೆಗೆ ಸಾಕು.

ಕೇಪಳ, ಪುತ್ತೂರು

ಸಕ್ಕರೆ ನೀರಿನ ಬಾಟಲಿಯನ್ನು ಇವತ್ತೇ ಇಳಿಸಿ. ಅದು ಅಮೆರಿಕದ ಹಮ್ಮಿಂಗ್ ಬರ್ಡ್‌ಗೆಂದು ಮಾಡಿದ ಸಾಧನ. ಅವು ಗಾಳಿಯಲ್ಲಿ ನಿಂತೇ ಹೀರುತ್ತವೆ, ನಮ್ಮ ಸೂರಕ್ಕಿಗೆ ಹೀರುವಾಗ ಕಾಲೂರಲು ಟೊಂಗೆ ಬೇಕು. ನಮ್ಮ ಸೆಕೆಗೆ ಸಕ್ಕರೆ ನೀರು ಒಂದೇ ದಿನದಲ್ಲಿ ಹುಳಿಯುತ್ತದೆ. ಕೆಂಪು ಬಣ್ಣ ಹಕ್ಕಿಗೆ ಬೇಕಾಗಿಲ್ಲ. ಬೆಲ್ಲ, ಜೇನು ಹಾಕಿದರೆ ಇನ್ನೂ ಬೇಗ ಕೆಡುತ್ತದೆ.

ಆ ಜಾಗಕ್ಕೆ ಗಿಡ ಹಾಕಿ. ನಿಮ್ಮ ದಾಸವಾಳ ಒಂಟಿ ಎಸಳಿನದಾ, ಮುದ್ದೆ ದಾಸವಾಳವಾ? ಮುದ್ದೆಯಾದರೆ ಎಸಳುಗಳ ಗೊಂದಲದಲ್ಲಿ ಕೊಕ್ಕು ಮಕರಂದದ ಬುಡ ಮುಟ್ಟುವುದಿಲ್ಲ. ಕೆಂಪು ಒಂಟಿ ದಾಸವಾಳ ಒಂದಿರಲಿ. ಜೊತೆಗೆ ಕೆಂಪು ಕೇಪಳ, ರತ್ನಗಂಧಿ. ಬಾಳೆ ಹಾಕಲು ಮೂಲೆ ಇದ್ದರೆ ಮೂತಿ ಬಿಡುವ ಕಾಲಕ್ಕೆ ಸೂರಕ್ಕಿ ಬಾರದೆ ಇರುವುದಿಲ್ಲ. ಮರಿಗಳಿಗೆ ಅವು ಉಣಿಸುವುದು ಜೇಡ, ಸಣ್ಣ ಹುಳ. ಆದ್ದರಿಂದ ಗಿಡಕ್ಕೆ ಕೀಟನಾಶಕ ಹೊಡೆದರೆ ಇಷ್ಟೆಲ್ಲ ಮಾಡಿದ್ದು ದಂಡ. ಗುಬ್ಬಚ್ಚಿಗೂ ಇದೇ ಮಾತು: ದೊಡ್ಡವು ಕಾಳು ತಿಂದರೂ ಮರಿಗೆ ಮೊದಲ ದಿನಗಳಲ್ಲಿ ಹುಳವೇ ಬೇಕು.

ನಿಮ್ಮ ಕರಿಬೇವನ್ನು ಪೂರ್ತಿ ಚಿವುಟಬೇಡಿ. ಒಂದು ಟೊಂಗೆ ಹೂವಾಗಿ ಕಾಯಿ ಕಪ್ಪಾಗಲಿ, ಪಿಕಳಾರವೂ ಕೋಗಿಲೆಯೂ ಅದಕ್ಕಾಗಿಯೇ ಬರುತ್ತವೆ. ಗಣಿಕೆ ತಾನಾಗಿ ಹುಟ್ಟಿದರೆ ಕೀಳಬೇಡಿ. ಗಸಗಸೆ ಹಣ್ಣಿನ ಮರವನ್ನು ಎಲ್ಲರೂ ಹೇಳುತ್ತಾರೆ, ಬದನಿಕೆ ಹಕ್ಕಿಗೆ ಅದು ಪ್ರಾಣ. ಆದರೆ ಅದು ಇಪ್ಪತ್ತೈದು ಅಡಿ ದಾಟಿ ಕೊಡೆಯಂತೆ ಹರಡುವ ಮರ, 8 ಅಡಿ ಹಿತ್ತಲಿಗೆ ಬೇಡ. ಲಂಟಾನ ಬೇಡವೇ ಬೇಡ. ಅದರ ಬೀಜವನ್ನು ಹಕ್ಕಿಗಳೇ ಹೊತ್ತು ಕಾಡಿಗೆ ಹರಡುತ್ತವೆ.

ಒಂದು ಮೂಲೆಯಲ್ಲಿ ನಾಲ್ಕಡಿ ಜಾಗದಷ್ಟು ತರಗೆಲೆ ಗುಡಿಸದೆ ಬಿಡಿ, ಅರ್ಧ ಅಡಿ ದಪ್ಪ, ತುಸು ತೇವ. ಎರೆಹುಳ, ಗೆದ್ದಲು, ಜೀರುಂಡೆ ಸೇರುತ್ತವೆ. ಮಡಿವಾಳ, ಹರಟೆಮಲ್ಲ ದಿನಾ ಕೆದಕುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಹಕ್ಕಿ (ಪಿಟ್ಟಾ) ಊರೊಳಗೆ ಇಳಿದಾಗ ಹುಡುಕುವುದು ಇಂಥ ನೆಲವನ್ನೇ. ಅದು ಯಾವ ಕಾಳನ್ನೂ ಮೂಸುವುದಿಲ್ಲ.

ಎಲೆಮರೆ

ಉಳಿದ ಎರಡಕ್ಕೆ ಚುಟುಕಾಗಿ.

ಪೆಟ್ಟಿಗೆ: 2 ಇಂಚಿನ ತೂತಿನಲ್ಲಿ ಗೊರವಂಕ ನುಗ್ಗಿ ಗುಬ್ಬಚ್ಚಿಯನ್ನು ಓಡಿಸುತ್ತದೆ. ತೂತಿನ ಮುಂದೆ 32 ಮಿ.ಮೀ. ತೂತಿರುವ ಮರದ ತುಂಡು ಬಡಿಯಿರಿ, ಹೊಸ ಪೆಟ್ಟಿಗೆ ಬೇಕಿಲ್ಲ. ಮುಂದಿನ ಕಡ್ಡಿ ಕಿತ್ತುಹಾಕಿ. ಗುಬ್ಬಚ್ಚಿಗೆ ಅದು ಬೇಡ, ಅದು ನೆರವಾಗುವುದು ಕಾಗೆಗೆ. ತಳ 5–6 ಇಂಚು ಚೌಕ, ತೂತು ತಳದಿಂದ 5 ಇಂಚು ಮೇಲೆ, ಪೆಟ್ಟಿಗೆ ನೆಲದಿಂದ 8–10 ಅಡಿ. ಮುಖ ಪೂರ್ವಕ್ಕೋ ಉತ್ತರಕ್ಕೋ ಇರಲಿ. ನೈರುತ್ಯಕ್ಕಿಟ್ಟರೆ ಮುಂಗಾರಿನ ಎರಚಲು ನೇರ ಒಳಗೆ. ಒಳಗೆ ಬಣ್ಣ, ವಾರ್ನಿಷ್ ಬೇಡ. ಗುಬ್ಬಚ್ಚಿ ಗುಂಪಿನ ಹಕ್ಕಿ, ಒಂದರ ಬದಲು ಮೂರು ಪೆಟ್ಟಿಗೆ ನಾಲ್ಕಾರು ಅಡಿ ಅಂತರದಲ್ಲಿ ಹಾಕಿದರೆ ಒಪ್ಪುವ ಸಂಭವ ಹೆಚ್ಚು. ಸೀಲಿಂಗ್ ಫ್ಯಾನ್ ಇರುವ ಪೋರ್ಟಿಕೋ ಆಗಿದ್ದರೆ ಜಾಗವನ್ನೇ ಬದಲಿಸಿ.

ಕಿಟಕಿ: ಪಿಕಳಾರ ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಎದುರಾಳಿ ಎಂದು ತಿಳಿದು ಹೊಡೆಯುತ್ತಿದೆ. ಹತ್ತಿರದಲ್ಲೇ ಗೂಡಿರಬಹುದು. ಒಳಗಿನಿಂದ ಪರದೆ ಎಳೆದರೆ ಬಿಂಬ ಇನ್ನೂ ಸ್ಪಷ್ಟವಾಗುತ್ತದೆ. ಗಾಜಿನ ಹೊರಮೈಯನ್ನು ಮುಚ್ಚಬೇಕು: ಸೋಪಿನ ನೀರನ್ನು ದಪ್ಪಗೆ ಬಳಿಯಿರಿ, ಇಲ್ಲವೇ ಹಳೇ ಪಂಚೆ ಇಳಿಬಿಡಿ. ಕೆಲವು ವಾರ ಸಾಕು. ಗೂಡು ಸಿಕ್ಕರೆ ಮುಟ್ಟಬೇಡಿ, ಸರಿಸಬೇಡಿ. ಅದರ ಮೊಟ್ಟೆ, ಗೂಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಕುಕ್ಕುವುದು ಬೇರೆ, ಹಾರಿ ಬಂದು ಡಿಕ್ಕಿ ಹೊಡೆಯುವುದು ಬೇರೆ. ಕಾಳಿನ ಜಾಲರಿಯನ್ನು ಗಾಜಿನಿಂದ 3 ಅಡಿಯೊಳಗೆ ಕಟ್ಟಿ. ಅಷ್ಟು ಹತ್ತಿರದಿಂದ ಹಾರಿದರೆ ವೇಗ ಬಂದಿರುವುದಿಲ್ಲ, ಪೆಟ್ಟಾಗುವುದು ಕಡಿಮೆ. ಹತ್ತು ಹದಿನೈದು ಅಡಿ ದೂರವಾದರೆ ಅಪಾಯ ಹೆಚ್ಚು. ಗಾಜಿನ ಹೊರಗೆ 4 ಇಂಚಿಗೊಂದರಂತೆ ದಪ್ಪ ದಾರ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಗಿಡುಗನ ಚಿತ್ರದ ಸ್ಟಿಕ್ಕರ್ ಒಂದನ್ನು ಅಂಟಿಸಿದರೆ ಏನೂ ಪ್ರಯೋಜನವಾಗದು.

ಹಿತ್ತಲಮನೆ, ಮೈಸೂರು (24 ದಿನಗಳ ನಂತರ)

ಎಲ್ಲ ಮಾಡಿದೆ. ಪಾರಿವಾಳ ಈಗ ನಾಲ್ಕೈದು. ಹನಿ ನೀರಿಗೆ ಎರಡನೇ ದಿನವೇ ಟುವ್ವಿ, ಮಡಿವಾಳ ಬಂದವು. ತೆನೆಗೆ ಚುಕ್ಕೆ ರಾಟವಾಳ ಆರು. ಇರುವೆ, ಇಲಿ ಇಲ್ಲ. ಗುಬ್ಬಚ್ಚಿ ಮಾತ್ರ ಇನ್ನೂ ಇಲ್ಲ. ಹೊಸ ಚಿಂತೆ: ತಾರಸಿಯಲ್ಲಿ ಒಂದು ಪಾರಿವಾಳ ಮೈ ಉಬ್ಬಿಸಿಕೊಂಡು ಕೂತಿದೆ, ಕಣ್ಣು, ಕೊಕ್ಕಿನ ಸುತ್ತ ಗಂಟು ಗಂಟು. ಉಳಿದವಕ್ಕೆ ಅಂಟುತ್ತದಾ?

ನೀರಹನಿ

ಹಕ್ಕಿ ಸಿಡುಬಿನ ಹಾಗಿದೆ. ಸೊಳ್ಳೆಯಿಂದಲೂ, ಒಂದೇ ಜಾಗದಲ್ಲಿ ಕೂತು ತಿನ್ನುವುದರಿಂದಲೂ ಹರಡುತ್ತದೆ. ಎರಡು ವಾರ ಕಾಳು, ತೆನೆ, ನೀರು ಎಲ್ಲವನ್ನೂ ತೆಗೆದಿಡಿ. ಹಕ್ಕಿಗಳು ಚದುರಲಿ. ತಟ್ಟೆ, ಬಾಟಲಿ, ಜಾಲರಿಯನ್ನು ಮೊದಲು ತೊಳೆದು ಕೊಳೆ ತೆಗೆಯಿರಿ. ಆಮೇಲೆ ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ 1 ಪಾಲು, ನೀರು 9 ಪಾಲು ಬೆರೆಸಿ ಹತ್ತು ನಿಮಿಷ ನೆನೆಸಿ. ಕೊಳೆ ಇದ್ದಂತೆಯೇ ಬ್ಲೀಚ್ ಹಾಕಿದರೆ ಕೆಲಸ ಮಾಡುವುದಿಲ್ಲ. ಮೂರು ನೀರಲ್ಲಿ ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿಗೆ ಒಣಗಿಸಿ. ಮಣ್ಣಿನ ತಟ್ಟೆ ಬ್ಲೀಚ್ ಹೀರಿಕೊಳ್ಳುತ್ತದೆ, ಅದಕ್ಕೆ ಇಡೀ ದಿನದ ಬಿಸಿಲು ಬೇಕು. ಆ ಪಾರಿವಾಳವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಪಶು ಆಸ್ಪತ್ರೆಗೆ ಒಯ್ಯಿರಿ. ಒಂದೇ ಸಲಕ್ಕೆ ಹಲವು ಕಾಗೆ, ಕೋಳಿ ಸತ್ತಿರುವುದು ಕಂಡರೆ ಅದು ಬೇರೆ ಮಾತು, ಹಕ್ಕಿ ಜ್ವರವಿರಬಹುದು, ತಕ್ಷಣ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ನವಣೆತೆನೆ, ಹುಬ್ಬಳ್ಳಿ

ಗುಬ್ಬಿಗೆ ಇನ್ನೊಂದು ಬೇಕು ಸರ್, ಧೂಳಿನ ಸ್ನಾನ. ಒಂದೂವರೆ ಅಡಿ ಅಗಲದ ಬುಟ್ಟಿ ಇಲ್ಲಾ ಟ್ರೇ, ಅದರಾಗ ಎರಡು ಇಂಚು ಜರಡಿ ಹಿಡಿದ ಒಣ ಮಣ್ಣು, ಮಳಿ ಬೀಳದ ಬಿಸಿಲ ಜಾಗಾದಾಗ. ಕಾಳ ಹಾಕೂದು ಮತ್ತ ಶುರು ಮಾಡಿದಾಗ ಮೊದಲ ಒಂದು ವಾರ ಜಾಲರಿ ತಳದ ನಡುವ ಸಣ್ಣ ತಾಟು ಇಟ್ಟು ಅದರಾಗ ಅಕ್ಕಿ ನುಚ್ಚು ಚೂರು ಕಾಣೋ ಹಂಗ ಉದುರಸ್ರಿ. ಅಂಗಡಿ ಮುಂದ ಅವು ತಿನ್ನೋದು ಅದನ್ನೇ, ಗುರುತು ಹಿಡೀತಾವು. ಬಾಟಲಿ ಒಳಗಿನ ಕಾಳು ಅವಕ್ಕ ಮೊದಲಿಗೆ ತಿಳಿಯಂಗಿಲ್ಲ.

ಹಿತ್ತಲಮನೆ, ಮೈಸೂರು

ಸರಿ, ಇವತ್ತೇ ಎಲ್ಲ ಇಳಿಸಿ ತೊಳೆಯುತ್ತೇನೆ. ಮಳೆ ಶುರುವಾದ ಮೇಲೆ ಬಾಟಲಿಯಲ್ಲಿ ಕಾಳು ಗಂಟು ಕಟ್ಟಿದರೆ?

ಎಲೆಮರೆ

ಪೂರ್ತಿ ಚೆಲ್ಲಿ, ಬಿಸಿಲಿಗೆ ಹಾಕಿ ಮತ್ತೆ ಬಳಸಬೇಡಿ. ಗಂಟು ಕಟ್ಟಿದ ಕಾಳಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದೇ ಚಮಚ, ಜಡಿಮಳೆಯ ದಿನ ಅದೂ ಬೇಡ. ಆ ತಿಂಗಳುಗಳಲ್ಲಿ ಹೊರಗೆ ಹುಳವೂ ಹುಲ್ಲಿನ ಬೀಜವೂ ಹೇರಳ. ಮೂಲೆಯ ಹುಲ್ಲನ್ನು ಕತ್ತರಿಸದೆ ಬಿಡಿ, ರಾಟವಾಳ ಗೂಡಿಗೆ ಅದರ ಎಸಳನ್ನೇ ಒಯ್ಯುವುದು.